ಬಿಟ್ಟುಹೋದ ಷರಾ

ಗದಗ ಕಡೆಯ ಒಂದು ರಕ್ತನಿಧಿ ಕೇಂದ್ರ. ಅಲ್ಲಿಯ ಹಳೆಯ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರ ರಕ್ತದಾನಿಗಳ ವಿವರ ಇತ್ತು.

ಅವನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಶ್ರೀಶೈಲ ಎಂಬ ಎಂಜಿನಿಯರ್‌ಗೆ ಬಂತು. ಚುರುಕು ಮನುಷ್ಯ. ಆ ಚುರುಕು ತನಗಿದೆ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು...

ಕೆಲಸ ಇಷ್ಟೇ. ಹಳೆಯ ಪ್ರೋಗ್ರಾಮಿನಲ್ಲಿ ಒಬ್ಬ ದಾನಿ ಅಂದರೆ ಒಂದು ಆಬ್ಜೆಕ್ಟ್. ಹೆಸರು, ರಕ್ತದ ಗುಂಪು, ಫೋನ್ ನಂಬರ್ ಎಲ್ಲ ಸೇರಿದ ಒಂದು ಗಂಟು.

ಆ ಗಂಟು ಬಿಚ್ಚಿ, ಒಂದೊಂದನ್ನೂ ಅದರದೇ ಹೆಸರಿನ ಟ್ಯಾಗ್ ಒಳಗಿಟ್ಟು, ಹೊಸ ವ್ಯವಸ್ಥೆ ಓದಬಲ್ಲ ಎಕ್ಸ್‌ಎಂಎಲ್ ದಾಖಲೆಯಾಗಿ ಬರೆಯಬೇಕು. ಯಾವ ಖಾನೆ ಯಾವ ಟ್ಯಾಗಿಗೆ ಎಂದು ಎಂಜಿನಿಯರ್ ಹೇಳಿಕೊಡಬೇಕು.

ಬೇಡ ಎಂದ ಖಾನೆಯನ್ನು ಪ್ರೋಗ್ರಾಂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ತಪ್ಪು ಎಂದು ಒಂದು ಕೆಂಪು ಗೆರೆಯೂ ಬರುವುದಿಲ್ಲ...

ಎಲ್ಲದಕ್ಕೂ ಟ್ಯಾಗ್ ಸಿಕ್ಕಿತು. ಕೊನೆಗೆ ಟಿಪ್ಪಣಿ ಬರೆಯುವ ಒಂದು ಖಾನೆ ಉಳಿಯಿತು. ಷರಾ.

ಪರೀಕ್ಷೆಗೆಂದು ಹತ್ತು ದಾನಿಗಳ ವಿವರ ತೆಗೆದು ನೋಡಿದ. ಒಂಬತ್ತರಲ್ಲಿ ಷರಾ ಖಾಲಿ. ಹತ್ತನೆಯದರಲ್ಲಿ "ಸೂಜಿ ಅಂದ್ರ ಅಂಜತಾನ, ಮಾತಾಡಿಸಕೋತ ಚುಚ್ಚರಿ" ಎಂದಿತ್ತು.

ಶ್ರೀಶೈಲ ನಕ್ಕ. ಷರಾ ಖಾನೆಯ ಮೇಲೆ ಕೋಡಿನಲ್ಲಿ ಒಂದೇ ಒಂದು ಪದ ಬರೆದ. ಇದನ್ನು ಬಿಡು ಎಂದು ಅದರ ಅರ್ಥ.

ಹನ್ನೊಂದು ವರ್ಷದಿಂದ ಆ ಖಾನೆ ತುಂಬುತ್ತಿದ್ದವರು ಕ್ಲರ್ಕ್ ನೀಲಕ್ಕ. ಅವರು ಹತ್ತಿರ ಬಂದು ಮೆಲ್ಲಗೆ ಹೇಳಿದರು...

"ಸರ, ಅದೊಂದ ಬಿಡಬ್ಯಾಡ್ರಿ. ಅದ್ರಾಗ ನಮ್ಮ ಮಂದಿ ಅದಾರ."

"ಅಕ್ಕಾರ, ಕಂಪ್ಯೂಟರಿಗೆ ಮಂದಿ ಬ್ಯಾಡ್ರಿ, ಡೇಟಾ ಬೇಕು."

ಲ್ಯಾಬಿನವರೆಲ್ಲ ನಕ್ಕರು. ನೀಲಕ್ಕ ತಮ್ಮ ಕುರ್ಚಿಗೆ ಹೋಗಿ ಕುಳಿತರು.

ನಾಲ್ಕು ಸಾವಿರ ದಾಖಲೆ ಹೋದವು. ತಪ್ಪು ಸೊನ್ನೆ. ಶ್ರೀಶೈಲ ಎಲ್ಲರಿಗೂ ಪೇಢೆ ಹಂಚಿದ.

ಮೂರನೆಯ ವಾರ, ಹೊಸ ವ್ಯವಸ್ಥೆ ತಾನಾಗಿಯೇ ದಾನಿಗಳಿಗೆ ಮೆಸೇಜ್ ಕಳಿಸಿತು. ಮರುದಿನ ಬೆಳಿಗ್ಗೆ ಸಿಬ್ಬಂದಿಗೆ ಆ ವ್ಯವಸ್ಥೆಯ ಬಳಕೆ ಕಲಿಸಲು ಶ್ರೀಶೈಲ ಬಂದಿದ್ದ...

ಆಗ ಒಬ್ಬ ಅಜ್ಜಿ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಹಳೆಯ ಫೋನು. ಹೆಸರು ಮಾಂತವ್ವ. ಎರಡು ಬಸ್ಸು ಬದಲಿಸಿ ಬಂದಿದ್ದರು.

ಮೆಸೇಜನ್ನು ಪಕ್ಕದ ಮನೆಯ ಹುಡುಗಿ ಓದಿ ಹೇಳಿದ್ದಳಂತೆ. "ಪ್ರಿಯ ಮುತ್ತಪ್ಪ, ನಿಮ್ಮ ರಕ್ತ ಒಂದು ಜೀವಕ್ಕೆ ಬೇಕಾಗಿದೆ. ಬನ್ನಿ."

ಮುತ್ತಪ್ಪ ಅವರ ಮಗ. ಹದಿನಾಲ್ಕು ಸಲ ರಕ್ತ ಕೊಟ್ಟವನು. ತೀರಿಕೊಂಡು ಎರಡು ವರ್ಷ... ಅವನ ಫೋನನ್ನು ತಾಯಿ ಇನ್ನೂ ಚಾರ್ಜ್ ಮಾಡಿ ಇಟ್ಟುಕೊಂಡಿದ್ದರು.

ಅಜ್ಜಿ ಸೆರಗು ಸರಿಸಿ ತೋಳು ಮುಂದೆ ಚಾಚಿದರು.

"ಕರದ್ರ ಅಂವಾ ಎಂದೂ ಇಲ್ಲ ಅಂದಾಂವಲ್ಲ. ಅವನ ಬದಲಿ ನನ್ನ ರಕ್ತ ತಗೋರಿ."

ವಯಸ್ಸು ಎಪ್ಪತ್ತರ ಹತ್ತಿರ. ತೆಗೆದುಕೊಳ್ಳುವ ಹಾಗಿಲ್ಲ.

ನೀಲಕ್ಕ ಎದ್ದು ಹಳೆಯ ಕಂಪ್ಯೂಟರ್ ಹಚ್ಚಿದರು. ಮುತ್ತಪ್ಪನ ಹೆಸರು ತೆರೆದು, ಪಕ್ಕಕ್ಕೆ ಸರಿದು ನಿಂತರು.

"ಏನ ಬರದೈತಿ, ಓದಪಾ," ಎಂದರು ಅಜ್ಜಿ ಶ್ರೀಶೈಲನಿಗೆ.

ಓದಲೇಬೇಕಾಯಿತು. ಎಲ್ಲರ ಮುಂದೆ...

"ಷರಾ. ತೀರಿಕೊಂಡಾರ. ಮನ್ಯಾಗ ತಾಯಿ ಒಬ್ಬರ ಅದಾರ. ಫೋನ್ ಮಾಡಬ್ಯಾಡ್ರಿ."

"ಅಂದ್ರ ನಿಮಗ ಮೊದಲ ಗೊತ್ತಿತ್ತು?" ಅಜ್ಜಿ ಕೇಳಿದರು.

ಶ್ರೀಶೈಲನ ತಲೆ ಮೇಲೇಳಲಿಲ್ಲ. ವ್ಯವಸ್ಥೆಯ ದೋಷ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ನೀಲಕ್ಕ ಅಲ್ಲೇ ನಿಂತಿದ್ದರು.

"ಗೊತ್ತಿತ್ತಬೇ. ಈ ಅಕ್ಕಾರು ಬರದಿಟ್ಟಿದ್ರು, ಬಿಡಬ್ಯಾಡ್ರಿ ಅಂತ ಹೇಳಿದ್ರು. ನಾನ ಬಿಟ್ಟೆ."

ಬೈಯುತ್ತಾರೆ ಎಂದುಕೊಂಡ. ಬೈದಿದ್ದರೆ ಒಳ್ಳೆಯದಿತ್ತು...

ಅಜ್ಜಿ ಅವನ ಬೆನ್ನ ಮೇಲೆ ಕೈಯಿಟ್ಟರು. "ಇರ್ಲಿ ಬಿಡಪಾ. ಎರಡ ವರ್ಷದಾಗ ಯಾರೂ ಅವನ ಹೆಸರ ಹಿಡದು ಕರದಿದ್ದಿಲ್ಲ. ನಿನ್ನಿ ನೀವ ಕರದ್ರಿ. ಅದಕ್ಕ ಓಡಿ ಬಂದೆ."

ಮುಖ ಮುಚ್ಚಿಕೊಳ್ಳಲು ಎರಡು ಕೈ ಸಾಲಲಿಲ್ಲ ಅವನಿಗೆ.

ಅಜ್ಜಿಯನ್ನು ಅವನೇ ಬಸ್ಸಿಗೆ ಹತ್ತಿಸಿ ಬಂದ. ಬಂದವನೇ ಮೆಸೇಜ್ ನಿಲ್ಲಿಸಿದ. ಕೋಡಿನಲ್ಲಿ ಬರೆದಿದ್ದ ಆ ಒಂದು ಪದ ಅಳಿಸಿದ. ಷರಾಕ್ಕೂ ಒಂದು ಟ್ಯಾಗ್ ಕೊಟ್ಟ. ಅದಕ್ಕೆ ಹಿಡಿದದ್ದು ಹತ್ತು ನಿಮಿಷ...

ಆಮೇಲೆ ನೀಲಕ್ಕನ ಪಕ್ಕ ಒಂದು ಸ್ಟೂಲು ಎಳೆದುಕೊಂಡು, ಇದ್ದ ಆರುನೂರು ಷರಾಗಳನ್ನೂ ಒಂದೊಂದಾಗಿ ಓದಿದ. "ಕಿವಿ ಕೇಳಂಗಿಲ್ಲ, ಮಗಳಿಗೆ ಫೋನ್ ಹಚ್ಚರಿ." "ಬಾಣಂತಿ, ಈ ವರ್ಷ ಬ್ಯಾಡ."

ಅದಕ್ಕೆ ನಾಲ್ಕು ದಿನ ಹಿಡಿಯಿತು. ಒಮ್ಮೆಯೂ ನಗಲಿಲ್ಲ.

ನಮ್ಮ ಅಳತೆಗೆ ಹೊಂದದ್ದನ್ನು ಕಸ ಅನ್ನುವ ಮೊದಲು, ಅದನ್ನು ಬರೆದಿಟ್ಟವರನ್ನು ಒಂದು ಮಾತು ಕೇಳಬೇಕು.

ನಿಮ್ಮ ಪಕ್ಕದ ಕುರ್ಚಿಯಲ್ಲೂ ಒಬ್ಬ ನೀಲಕ್ಕ ಇರಬಹುದು... ಅವರು ಕೊನೆಯ ಸಲ ಹೇಳಿದ್ದನ್ನು ನೀವು ಕೇಳಿಸಿಕೊಂಡಿರಾ, ನಕ್ಕುಬಿಟ್ಟಿರಾ?