ಸಾಕ್ಷಿಯ ಹೆಸರು

"ಒಂದೇ ಒಂದು ಹೆಸರು ಕೊಡಿ, ಕ್ಯಾಪ್ಟನ್!" ಅಮೆರಿಕದ ಡೆಸ್ ಪ್ಲೇನ್ಸ್ ಊರಿನ ಆಫೀಸಿನಲ್ಲಿ ವಕೀಲೆ ಮೈತ್ರೇಯಿ ಮೂರನೆಯ ಸಲ ಸಿಡುಕಿದಳು. "ಬಾಂಬ್ ಹಾಕೋ ಮುಂಚೆ ನೀವು ಹಳ್ಳಿಯವರನ್ನ ಎಚ್ಚರಿಸಿದ್ದನ್ನ ಯಾರೂ ನೋಡಿಲ್ವಾ? ಸಾಕ್ಷಿ ಇಲ್ಲದಿದ್ರೆ ನಿಮ್ಮನ್ನ ಮ್ಯಾನ್ಮಾರ್‌ಗೆ ವಾಪಸ್ ಕಳಿಸ್ತಾರೆ. ಅಲ್ಲಿ ಗುಂಡಿಟ್ಟು ಕೊಲ್ತಾರೆ."

ಮ್ಯಾನ್ಮಾರ್ ವಾಯುಪಡೆ ತೊರೆದು ಓಡಿಬಂದಿದ್ದ ಕ್ಯಾಪ್ಟನ್, ಆಶ್ರಯ ಕೋರುವ ತನ್ನ ಅರ್ಜಿಯ ಮೇಲೆ ಪೆನ್ನನ್ನು ನೇರವಾಗಿ ಜೋಡಿಸಿಟ್ಟ.

"ಬಿಡು ಮೈತ್ರೇಯಿ," ಎಂದು ಪಕ್ಕದ ಮೇಜಿನಿಂದ ಪಾಲುದಾರ ತಿರುಮಲೇಶ ಕನ್ನಡದಲ್ಲಿ ಗೊಣಗಿದ. "ಅವರ ಜನರಲ್‌ಗಳಿಗೇ ಈತನ ಬಾಯಿ ಬಿಡಿಸೋಕಾಗ್ಲಿಲ್ಲ, ನಿನ್ನ ಕೈಲಾಗುತ್ತಾ?"

"ಒಬ್ಬನಿದ್ದಾನೆ," ಎಂದ ಕ್ಯಾಪ್ಟನ್. "ಇನ್ನೂ ನನ್ನ ದಳದಲ್ಲೇ, ಯೂನಿಫಾರ್ಮಿನಲ್ಲೇ ಇದ್ದಾನೆ. ಈಗ ಹಳ್ಳಿಗಳಿಗೆ ಫೋನ್ ಮಾಡಿ ಎಚ್ಚರಿಸುವವನು ಅವನೇ." ಪೆನ್ನು ಕೈಗೆತ್ತಿಕೊಂಡ. "ಬರೆಯಲೇ?"

ಮೈತ್ರೇಯಿ ಅರ್ಜಿಯನ್ನು ಸರಕ್ಕನೆ ತನ್ನತ್ತ ಎಳೆದುಕೊಂಡಳು. "ಅಯ್ಯೋ, ಇಷ್ಟನ್ನೂ ನಂಗೆ ಹೇಳಬಾರದಿತ್ತು ನೀವು!"