ಕರ್ಜಗಿ ಕೊನೆಗೆ

ಮೂರನೆಯ ಸಲವೂ ಕಂಪ್ಯೂಟರ್ ಅರ್ಧ ದಾರಿಯಲ್ಲೇ ಕೈಚೆಲ್ಲಿತು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು, 'ಮೆಮೊರಿ ಸಾಲದು' ಎಂಬ ಅದೇ ಸಾಲು ತೋರಿಸಿ ಸುಮ್ಮನಾಯಿತು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ರಂಜನಾ ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡಳು. ಬೆಳಗಿನಿಂದ ಒಬ್ಬ ರೈತನಿಗೂ ಸಂದೇಶ ಹೋಗಿರಲಿಲ್ಲ.

ಹೋಗಬೇಕಾದ ಸಂದೇಶವೇನೂ ದೊಡ್ಡದಲ್ಲ. ಈ ಲಾಟಿನ ಗೋವಿನಜೋಳ ಮೊಳೆಯುವುದಿಲ್ಲ, ಬಿತ್ತಬೇಡಿ, ಚೀಲ ವಾಪಸು ತನ್ನಿ, ಬೇರೆ ಬೀಜ ಕೊಡುತ್ತೇವೆ. ಅನುಮಾನ ಬಂದು ಮತ್ತೆ ಪರೀಕ್ಷೆಗಿಟ್ಟಿದ್ದ ಕಾಳುಗಳ ಒದ್ದೆ ಬಟ್ಟೆಯನ್ನು ಅಂದು ಬೆಳಿಗ್ಗೆ ಬಿಚ್ಚಿ ನೋಡಿದರೆ, ಎಲ್ಲೋ ಒಂದೆರಡು ಬಿಟ್ಟು ಉಳಿದವು ಕಣ್ಣೇ ತೆರೆದಿರಲಿಲ್ಲ. ಹಿಂದಿನ ರಾತ್ರಿ ಅಲ್ಲಲ್ಲಿ ಮೊದಲ ಮಳೆ ಬಿದ್ದಿತ್ತು. ಆ ಹಸಿಗೆ ಇಂದು ಬಿತ್ತಿದವನ ಹೊಲ ಬರಿದೇ ಉಳಿಯುತ್ತಿತ್ತು. ಮತ್ತೆ ಬಿತ್ತಲು ಇನ್ನೊಂದು ಹದ ಮಳೆ ಬೇಕು, ಅದು ಬಂದರೆ ಬಂತು.

"ಮಾಲೀಕರು ಹುಬ್ಬಳ್ಳಿಯಿಂದ ದೊಡ್ಡ ಕಂಪ್ಯೂಟರ್ ತರಾಕ ಹೋಗ್ಯಾರ ಮೇಡಂ," ಎಂದ ಚನ್ನೇಶ. ಊರೂರು ತಿರುಗಿ ಆ ಬೀಜ ಮಾರಿಸಿದವನು ಅವನೇ. ನಿಂತಲ್ಲಿ ನಿಲ್ಲಲಾಗದೆ ಒದ್ದಾಡುತ್ತಿದ್ದ.

"ಅವರು ಬರೂತನಕ ಬಿತ್ತಿಗಿ ನಿಲ್ತದೇನ್ರಿ? ಮಷಿನ್‌ದು ತಪ್ಪಿಲ್ಲ. ಲಾಟ್ ನಂಬರ ಬಿಲ್ಲಿನೊಳಗ ಅದ. ಅದಕ್ಕ ನಮ್ಮ ಪ್ರೋಗ್ರಾಮ್ ಐದು ಜಿಲ್ಲಾದ ಅಷ್ಟೂ ಬಿಲ್ಲು ಒಮ್ಮೆಲೇ ತಲೀಮ್ಯಾಲ ಹೊತ್ಕೋತದ. ಎಲ್ಲಾ ಹೆಸರು ಕೂಡಿದ ಮ್ಯಾಲ ಕಳಸೂಣು ಅಂತದ. ಭಾರಕ್ಕ ಕುಸಿದು ಬೀಳ್ತದ."

"ಹಂಗ್ಯಾಕ ಮಾಡೀರಿ?"

"ಎಲ್ಲಾರಿಗೂ ಒಮ್ಮೆಲೇ ಮುಟ್ಟಬೇಕು, ಹಿಂದ ಮುಂದ ಆದ್ರ ತಕರಾರು ಬರ್ತದ ಅಂತ ಮಾಲೀಕರ ಹೇಳಿದ್ರು. ಇವತ್ತು ಅದನ್ನ ಬಿಡೂಣು."

ಅವಳು ಪ್ರೋಗ್ರಾಮ್ ಬಿಚ್ಚಿ ಕೂತಳು. ಇನ್ನು ಎಲ್ಲವನ್ನೂ ಒಟ್ಟಿಗೆ ಕರೆಯುವುದು ಬೇಡ. ಒಂದೊಂದೇ ಊರಿನ ಬಿಲ್ಲುಗಳನ್ನು ಸ್ವಲ್ಪ ಸ್ವಲ್ಪವೇ ತಂದು ಓದುವುದು, ಆ ಲಾಟು ಒಯ್ದವರಿಗೆ ಆಗಲೇ ಸಂದೇಶ ಕಳಿಸುವುದು, ಓದಿದ್ದನ್ನು ಮರೆತು ಮುಂದಿನ ಊರಿಗೆ ಹೋಗುವುದು. ಗೋಡೆ ಗಡಿಯಾರದಲ್ಲಿ ಒಂಬತ್ತಾಗುವ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಆದರೆ ಅದುವರೆಗೆ ಇಲ್ಲದ ಒಂದು ಪ್ರಶ್ನೆ ಈಗ ಎದ್ದು ನಿಂತಿತು.

"ಮೊದಲ ಯಾವ ಕಡೆ ಕಳಸ್ಲಿ?"

"ಮಳಿ ಆದಲ್ಲಿ," ಚನ್ನೇಶ ಯೋಚಿಸಲೇ ಇಲ್ಲ. "ಆಗದಲ್ಲಿ ಯಾರೂ ಚೀಲ ಬಿಚ್ಚಂಗಿಲ್ಲ. ಮೋಟೆಬೆನ್ನೂರ, ಕದರಮಂಡಲಗಿ, ಗುತ್ತಲ..."

"ಕರ್ಜಗಿಗೂ ಆಗೇದಂತ ಮುಂಜಾನೆ ನೀವ ಅಂದ್ರಲ್ಲ?"

ಕರ್ಜಗಿ ಅವನ ಊರು. ಹೋದ ವರ್ಷ ಔಷಧಿ ಹೊಡೆಯುವ ಪಂಪು ಹಂಚಿದಾಗ, ಮೊದಲು ತನ್ನೂರಿನವರಿಗೇ ಕೊಟ್ಟುಕೊಂಡ ಎಂದು ಉಳಿದ ಊರಿನ ಅಂಗಡಿಕಾರರು ಆಡಿಕೊಂಡಿದ್ದರು. ಆ ಮಾತು ಅವನಿಗೆ ಇನ್ನೂ ಚುಚ್ಚುತ್ತಿತ್ತು.

"ನಮ್ಮೂರು ಕೊನೀಗಿರ್ಲಿ."

"ಹಸಿ ಆಗಿದ್ರ ಅವರೂ ಬಿತ್ತತಾರಲ್ರಿ?"

"ಎಲ್ಲಾ ಕೂಡಿ ಒಂದ್ ತಾಸಿನ ಮಾತು. ನಾಳೆ ಯಾರೂ ನನ್ನ ಕಡೆ ಬೊಟ್ಟ ಮಾಡಿ ತೋರಿಸಬಾರದು ಮೇಡಂ."

ಅದು ಒಂದು ತಾಸಿನ ಮಾತಾಗಲಿಲ್ಲ. ಕಂಪ್ಯೂಟರೇನೋ ಈಗ ಎಡವದೆ ನಡೆಯುತ್ತಿತ್ತು, ಆದರೆ ಬಿಲ್ಲುಗಳು ಲಕ್ಷಗಟ್ಟಲೆ. ಕದರಮಂಡಲಗಿಯ ರೈತನೊಬ್ಬ ಫೋನ್ ಮಾಡಿ, ಹೂಡಿದ್ದ ಎತ್ತು ಬಿಚ್ಚಿದೆನೆಂದು ಹೇಳಿ, ಕಂಪನಿಯನ್ನು ಬಾಯಿತುಂಬ ಬೈದು, ಕೊನೆಗೆ ಪುಣ್ಯ ಬರಲಿ ಎಂದ. ಚನ್ನೇಶನ ಕೈ ಒಂದೆರಡು ಸಲ ಕಿಸೆಯ ಫೋನಿನತ್ತ ಹೋಯಿತು. ಮನೆಗಷ್ಟೇ ಹೇಳಿ ಊರಿಗೆ ಹೇಳದಿದ್ದರೆ ಹೇಗೆ? ಊರಿಗೆ ಹೇಳಿದರೆ ಮತ್ತೆ ಅದೇ ಮಾತು. ಕೈ ಖಾಲಿಯೇ ಹೊರಗೆ ಬಂತು. ತಾನು ನ್ಯಾಯವಾಗಿ ನಡೆದುಕೊಂಡೆ ಎಂಬ ಸಮಾಧಾನ ಅವನ ಮುಖದ ಮೇಲಿತ್ತು. ಅದನ್ನು ಕಂಡು ರಂಜನಾಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನಿಸಿತು.

ಮಧ್ಯಾಹ್ನ ಊಟದ ಹೊತ್ತಿಗೆ ಅವನ ಫೋನೇ ಬಡಿದುಕೊಂಡಿತು. ಊರಿನಿಂದ ತಾಯಿ ಫಕ್ಕೀರವ್ವ. ಅವಳ ಜೋರು ದನಿ ರಂಜನಾಗೂ ಕೇಳಿಸುವಂತಿತ್ತು.

"ಚನ್ನೇಶಾ, ಬಿತ್ತಿಗಿ ಮುಗೀತಪಾ! ನೆಲ ಭಾಳ ಜಿಗಟ ಇತ್ತು. ಹತ್ತರತನಕ ಕಾದು ಆಮ್ಯಾಲ ಕೂರಿಗಿ ಹೂಡಿದ್ವಿ."

"ನಮ್ಮ ಹೊಲದ್ದಷ್ಟ ಏನಬೇ?"

"ನಮ್ದೊಂದ ಯಾಕ? ನಿನ್ನ ಬೀಜ ತಗೊಂಡವ್ರದೆಲ್ಲಾ ಮುಗೀತು. ಬ್ಯಾರೇ ಬೀಜದವ್ರು ಇನ್ನೊಂದ್ ಮಳಿ ನೋಡೂಣು ಅಂತ ಕುಂತಾರ. ಇವ್ರು ಎಲ್ಲಿ ಕಾಯ್ತಾರ? ನಮ್ಮ ಚನ್ನೇಶ ಕೊಟ್ಟದ್ದೈತಿ, ಅಂಜೂದ್ಯಾಕ ಅಂತ ಬಿತ್ತೇ ಬಿಟ್ರು."

ಚನ್ನೇಶ ಕಂಪ್ಯೂಟರಿನತ್ತ ತಿರುಗಿದ. ಪರದೆಯ ಮೇಲೆ ಕೊನೆಯ ಸಾಲು ಬೆಳಗಿತು: ಕರ್ಜಗಿ, ಕಳಿಸಲಾಗುತ್ತಿದೆ. ರಂಜನಾ ಅವನ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಆಚೆ ಕಡೆಯ ಫೋನು ಟಿಣ್ ಎಂದಿತು.

"ತಡೀಪಾ, ಏನೋ ಬಂತ ನೋಡು. ನಿಮ್ಮ ಕಂಪನೀದ ಇರಬೇಕು, ಬೀಜ ತಗೊಂಡಾಗೂ ಹಿಂಗ ಬಂದಿತ್ತು," ಫಕ್ಕೀರವ್ವ ನಕ್ಕಳು. "ನನಗೆಲ್ಲಿ ಓದಾಕ ಬರತೈತಿ? ಏನ್ ಬರದೀರಿ, ನೀನ ಹೇಳು."