ಮೊಳೆಗೆ ತೂಗಿದ ಬೂಟು

ಅಮೃತಪ್ಪನ ರಬ್ಬರ್ ಬೂಟು ಮೆಟ್ಟಿಕೊಂಡು ಹೆಂಡತಿ ರುದ್ರವ್ವ ಕಸದ ರಾಶಿಗೆ ಇಳಿದದ್ದನ್ನು ಕಂಡು ಅವನು ಕುಂಟುತ್ತಲೇ ಓಡಿಬಂದ. ಕಲ್ಯಾಣ ಪಟ್ಟಣದ ಸಫಾಯಿ ಕೆಲಸಗಾರರೆಲ್ಲ ಎಪ್ಪತ್ತೆಂಟನೇ ಇಸವಿಯಲ್ಲಿ ಧರಣಿ ಕೂತು ಗಿಟ್ಟಿಸಿದ ಬೂಟು ಅದು. ಸಿಕ್ಕಿದ್ದು ಗಂಡಸರಿಗೆ ಮಾತ್ರ; ಹೆಂಗಸರದ್ದು ಮುಂದಿನ ಸಲ ನೋಡೋಣ ಎಂದಿದ್ದರು ಯೂನಿಯನ್ ಮುಖಂಡರು. ಅಮೃತಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಗೋಡೆಯ ಮೊಳೆಗೆ ತೂಗುಹಾಕಿ, ದಿನಾ ಬರಿಗಾಲಲ್ಲೇ ಕೆಲಸಕ್ಕೆ ಬರುತ್ತಿದ್ದ.

"ಬಿಚ್ಚ ಮೊದಲ! ಹೊಲಸಾಗತಾವು!"

"ಹೊಲಸಿನ್ಯಾಗ ಇಳಿಯಾಕಂತನ ಕೇಳಿದ್ವಲ್ಲ?" ರುದ್ರವ್ವ ಬುಟ್ಟಿ ತುಂಬುತ್ತಲೇ ಅಂದಳು. "ಧರಣಿಗೆ ನಾನೂ ಕುಂತಿದ್ನಿ. ನೀ ಪೂಜಿ ಮಾಡ್ಕೋತ ಇಟ್ಟರ, ನಾ ಮೆಟ್ಕೋತೀನಿ."

ಅಮೃತಪ್ಪ ತನ್ನ ಬಲಗಾಲು ನೋಡಿಕೊಂಡ. ನಿನ್ನೆ ಗಾಜು ಚುಚ್ಚಿದಲ್ಲಿ ಸುತ್ತಿದ್ದ ಬಟ್ಟೆ ಒದ್ದೆಯಾಗಿತ್ತು. ಮೆಲ್ಲಗೆ ಕೇಳಿದ:

"ಬಲಗಾಲಿನ ಬೂಟಾದ್ರೂ ಕೊಡ."